ಓದುಗರ ಪ್ರಶ್ನಿ: ಕಲಬುರಗಿಗೆ ಸಮುದ್ರನೇ ಇಲ್ಲ, ಮತ್ತ ಸಮುದ್ರದ ಡೇಟಾ ನಮಗ್ಯಾಕ?

ಈ ಸಲ ಬಂದ ಪ್ರಶ್ನಿಗಳೊಳಗ ಅರ್ಧಕ್ಕಿಂತ ಜಾಸ್ತಿ ಒಂದೇ ಪ್ರಶ್ನಿ, ಊರ ಹೆಸರು ಅಷ್ಟೇ ಬ್ಯಾರೆ. ಹೋದ ವರ್ಷಾನೂ ಇದನ್ನೇ ಕೇಳಿದ್ರಿ, ಅದರ ಹಿಂದಿನ ವರ್ಷಾನೂ ಇದನ್ನೇ. ಅದಕ್ಕ ಈ ಸಲ ಇದಕ್ಕೇ ಹೆಚ್ಚು ಜಾಗ ಕೊಟ್ಟೀನಿ, ಉಳಿದವಕ್ಕ ಸಣ್ಣ ಉತ್ತರ ಸಾಕು. ಮಾನ್ಸೂನ್ ಅಂದ್ರೇನು, ಎಲ್ ನಿನೊ ಅಂದ್ರೇನು ಅಂತ ಇಲ್ಲಿ ಮತ್ತ ಹೇಳಂಗಿಲ್ಲ, ಹೈಸ್ಕೂಲ್ ಪುಸ್ತಕದಾಗ ಅದ, ಮನ್ಯಾಗಿನ ಮಕ್ಕಳ ಕಡಿಂದ ಓದಿಸಿ ಕೇಳ್ರಿ.

ಪ್ರಶ್ನಿ: ಸರ್, ನಂದು ಜೇವರ್ಗಿ ಕಡಿ ಎರಿ ಹೊಲ ಅದ, ಪೂರಾ ತೊಗರಿ ಹಾಕ್ತೀನಿ. ನಮಗ ಸಮುದ್ರ ಇಲ್ಲ, ಮೀನು ಹಿಡಿಯೋ ಧಂದೆ ಇಲ್ಲ. ವಿಶ್ವಸಂಸ್ಥೆಯವರು 2021ರಿಂದ 2030ರ ತನ ಸಮುದ್ರ ವಿಜ್ಞಾನದ ದಶಕ ಅಂತ ಮಾಡ್ಯಾರಂತ, ನಮ್ಮ ದೇಶನೂ ಅದರಾಗ ಅದಂತ. ಹೊರಗಿನ ದೇಶದವರ ಸಂಗಟ ಸೇರಿ ಸಮುದ್ರ ಅಳತಿ ಮಾಡಿದ್ರ ನನ್ನ ಹೊಲಕ್ಕ ಏನು ಬಂತು? ನಮ್ಮ ಸಮುದ್ರ ನಾವು ನೋಡ್ಕೊಂಡ್ರ ಸಾಲದಾ? ಡೇಟಾ ಎಲ್ಲಾ ಹೊರಗಿನವರಿಗೆ ಯಾಕ ಕೊಡಬೇಕು?

ಉತ್ತರ: ಅಣ್ಣಾರೆ, ಸರ್ಕಾರದ ರೊಕ್ಕದ ಲೆಕ್ಕ ಕೇಳಿದ್ದು ತಪ್ಪಲ್ಲ, ಕೇಳಬೇಕು. ಆದ್ರ ನಿಮ್ಮ ಹೊಲಕ್ಕ ಬೀಳೋ ನೀರು ಬರೀ ನಮ್ಮ ಸಮುದ್ರದಾಗ ಹುಟ್ಟಿದ್ದಲ್ಲ. ಮುಂಗಾರಿ ಗಾಳಿ ಹೊರಡೋದೇ ಭೂಮಧ್ಯರೇಖೆಯ ಆಚಿ ಕಡಿಂದ, ಮಾರಿಷಸ್, ಮಡಗಾಸ್ಕರ್ ಸುತ್ತಮುತ್ತಲಿನ ಸಮುದ್ರದಿಂದ, ಅಲ್ಲಿಂದ ಆವಿ ಹೊತ್ಕೊಂಡು ಕೀನ್ಯಾ ದಾಟಿ ಸೊಮಾಲಿಯಾ ದಂಡಿ ಹತ್ರ ಜೋರಾಗಿ ಬಲಕ್ಕ ತಿರುಗಿ ಅರಬ್ಬಿ ಸಮುದ್ರದ ಮ್ಯಾಲ ಓಡಿ ಬಂದು ನಮ್ಮ ಪಶ್ಚಿಮ ಘಟ್ಟಕ್ಕ ಬಡೀತದ. ಘಟ್ಟದ ಆ ಕಡಿ ಸುರಿದು ಉಳಿದಿದ್ದು ನಮಗ. ನಮ್ಮದು ಮಳಿ ನೆರಳಿನ ಸೀಮಿ, ಅದಕ್ಕ ಕಲಬುರಗಿ, ಬೀದರ್, ಯಾದಗಿರಿಗೆ ಇನ್ನೊಂದು ಆಸರಾ ಬೇಕೇ ಬೇಕು, ಅದು ಬಂಗಾಳ ಕೊಲ್ಲಿ. ಕೊಲ್ಲಿಯೊಳಗ ವಾಯುಭಾರ ಕುಸಿತ ಆಗಿ ಅದು ಆಂಧ್ರ, ತೆಲಂಗಾಣ ದಾಟಿ ಈ ಕಡಿ ಸರಿದಾಗ ನಮ್ಮ ಹುಬ್ಬಿ, ಉತ್ತರಿ ಮಳಿ ಛಲೋ ಆಗೋದು. ಸೆಪ್ಟೆಂಬರ್ ಕೈ ಕೊಟ್ರ ತೊಗರಿ ಏನಾಗ್ತದ ಅಂತ ನಿಮಗ ನಾ ಹೇಳಬೇಕಿಲ್ಲ. ಆ ಕೊಲ್ಲಿ ದಂಡಿಗೆ ಬಾಂಗ್ಲಾದೇಶ ಅದ, ಮ್ಯಾನ್ಮಾರ್ ಅದ, ಶ್ರೀಲಂಕಾ ಅದ. ಎಲ್ಲಿ ಅಂತ ಬೇಲಿ ಹಾಕ್ತೀರಿ?

1982ರ ಸಮುದ್ರ ಕಾಯ್ದೆ ಒಪ್ಪಂದದ ಪ್ರಕಾರ ದಂಡಿಯಿಂದ 200 ನಾಟಿಕಲ್ ಮೈಲಿ ತನ ಆಯಾ ದೇಶದ ಹಕ್ಕು ನಡೀತದ, ಅದರೊಳಗ ಸಂಶೋಧನಾ ಹಡಗು ಹೋಗಬೇಕಂದ್ರ ಆ ದೇಶದ ಒಪ್ಪಿಗಿ ತಗೋಬೇಕು. ಅದರಾಚೆ ಯಾರದೂ ಅಲ್ಲ. ನಿಮ್ಮ ಮಳಿ ಹುಟ್ಟೋ ಜಾಗದ ದೊಡ್ಡ ಭಾಗ ಒಂದೋ ಬ್ಯಾರೆಯವರ ಹಕ್ಕಿನೊಳಗ ಅದ, ಇಲ್ಲಾ ಯಾರದೂ ಅಲ್ಲದ ನೀರಿನ್ಯಾಗ ಅದ. ಭೀಮಾ ನದಿ ನೋಡ್ರಿ, ಉಜನಿ ಡ್ಯಾಮಿಂದ ಎಷ್ಟು ಕ್ಯೂಸೆಕ್ಸ್ ಬಿಟ್ರು ಅಂತ ಮಹಾರಾಷ್ಟ್ರದವರು ಹೇಳದಿದ್ರ ಅಫಜಲಪುರದವರು, ಜೇವರ್ಗಿಯವರು ರಾತ್ರಿ ಹ್ಯಾಂಗ ಮಲಗ್ತೀರಿ? ಸಮುದ್ರದ ಡೇಟಾನೂ ಹಂಗೇ, ಮ್ಯಾಲಿನವರು ಹೇಳಿದ್ರ ಕೆಳಗಿನವರಿಗೆ ಗೊತ್ತು. ಫರಕು ಏನಂದ್ರ ಸಮುದ್ರದಾಗ ಎಲ್ಲಾರೂ ಒಬ್ಬರಿಗೊಬ್ಬರು ಮ್ಯಾಲಿನವರೇ.

ಈಗ ಡೇಟಾ ಅಂದ್ರ ಏನು ಅಂತ ಹತ್ರದಿಂದ ತೋರಸ್ತೀನಿ, ಯಾಕಂದ್ರ ಭಾಳ ಮಂದಿ ಉಪಗ್ರಹ ಒಂದಿದ್ರ ಸಾಕು ಅಂತ ತಿಳ್ಕೊಂಡಾರ. ಉಪಗ್ರಹಕ್ಕ ಕಾಣೋದು ಸಮುದ್ರದ ಮ್ಯಾಲ್ಮೈ ಅಷ್ಟೇ, ಒಳಗಿನ ಬಿಸಿ ಅದಕ್ಕ ಕಾಣಂಗಿಲ್ಲ. ಒಳಗ ಇಳಿಯೋದು ಆರ್ಗೊ ಅನ್ನೋ ತೇಲುಯಂತ್ರ. ಹೆಚ್ಚು ಕಡಿಮಿ ಆಳೆತ್ತರದ ಕೊಳವಿ, ತಲಿ ಮ್ಯಾಲ ಆಂಟೆನಾ. ಹಡಗಿನ ಹಿಂದಿನಿಂದ ಹಗ್ಗ ಕಟ್ಟಿ ಮೆಲ್ಲಗ ನೀರಿಗೆ ಬಿಟ್ರ ಅದು 1000 ಮೀಟರ್ ಆಳಕ್ಕ ಹೋಗಿ ಒಳಹರಿವಿನ ಸಂಗಟ ತೇಲ್ತಾ ಇರ್ತದ, ಹತ್ತು ದಿನಕ್ಕೊಮ್ಮೆ 2000 ಮೀಟರ್ ತನ ಇಳಿದು, ಒಳಗಿನ ಎಣ್ಣಿ ಹೊರಗಿನ ರಬ್ಬರ್ ಚೀಲಕ್ಕ ತುಂಬಿಸ್ಕೊಂಡು ಉಬ್ಬಿ ಮ್ಯಾಲ ಏರ್ತದ, ಏರುವಾಗ ಹಾದಿಗುಂಟ ಉಷ್ಣಾಂಶ, ಉಪ್ಪು, ಒತ್ತಡ ಬರ್ಕೊಂತ ಬರ್ತದ. ಮ್ಯಾಲ ಬಂದು ಉಪಗ್ರಹಕ್ಕ ಲೆಕ್ಕ ಕಳಿಸಿ ಮತ್ತ ಮುಳುಗ್ತದ. ಬ್ಯಾಟರಿ ಇರೋ ತನ, ನಾಲ್ಕೈದು ವರ್ಷ, ಇದೇ ಕೆಲಸ. ಇಂಥವು ಜಗತ್ತಿನ ಸಮುದ್ರದಾಗ ಸುಮಾರು 4000 ಅವ, ಹತ್ರ ಹತ್ರ ಅರ್ಧ ಅಮೆರಿಕದವು, ಉಳಿದವು ಭಾರತ ಸೇರಿ ಇಪ್ಪತ್ತಕ್ಕೂ ಹೆಚ್ಚು ದೇಶದವು. ಯಾರ ರೊಕ್ಕದ್ದೇ ಇರ್ಲಿ, ಲೆಕ್ಕ ಒಂದು ದಿನದೊಳಗ ಎಲ್ಲಾರಿಗೂ ಪುಕ್ಕಟ್ಟೆ ಸಿಗ್ತದ. ಈಗ ನಾವು ನಮ್ಮವು ಅಷ್ಟೇ ನೋಡ್ಕೋತೀವಿ ಅಂತ ಕೂತ್ರ, ನಮ್ಮ ಕೈಯಾಗ ಉಳಿಯೋದು ಆ 4000ದೊಳಗಿನ ಸಣ್ಣ ಪಾಲು. ಕೊಟ್ಟಿದ್ದು ಒಂದು ಮುಷ್ಟಿ, ತಗೊಂಡಿದ್ದು ಮೂಟೆಗಟ್ಟಲೆ, ಇದರಾಗ ನಷ್ಟ ಎಲ್ಲಿ ಅದ?

ಆ ಲೆಕ್ಕ ಎಲ್ಲಿಗೆ ಹೋಗ್ತದ ಅಂದ್ರ ಹೈದರಾಬಾದಿಗೆ. ನಗಬ್ಯಾಡ್ರಿ, ನಮ್ಮ ದೇಶದ ಸಮುದ್ರ ಮಾಹಿತಿ ಕೇಂದ್ರ ಇನ್‌ಕಾಯ್ಸ್ ಇರೋದು ಹೈದರಾಬಾದಿನ ಪ್ರಗತಿ ನಗರದಾಗ, ಅಲ್ಲೂ ಸಮುದ್ರ ಇಲ್ಲ. 1999ರಾಗ ಶುರು ಆದ ಸಂಸ್ಥೆ, ಹಿಂದೂ ಮಹಾಸಾಗರದ ಆರ್ಗೊ ಡೇಟಾ ಕೇಂದ್ರನೂ ಅದೇ. ಅಲ್ಲಿ ಎಲ್ಲಾ ದೇಶದ ಅಳತಿ ಕೂಡಿಸಿ ಇವತ್ತು ಸಮುದ್ರ ಹ್ಯಾಂಗ ಅದ ಅಂತ ಒಂದು ಚಿತ್ರ ಕಟ್ತಾರ, ಆ ಚಿತ್ರ ಇಟ್ಕೊಂಡು ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂ ಕಟ್ಟಿದ ಕಂಪ್ಯೂಟರ್ ಮಾಡೆಲ್ ಮುಂದಿನ ತಿಂಗಳುಗಳ ಮಳಿ ಲೆಕ್ಕ ಹಾಕ್ತದ, ಅದನ್ನ ನೋಡಿ ಹವಾಮಾನ ಇಲಾಖೆಯವರು ಏಪ್ರಿಲ್‌ದಾಗ ಒಮ್ಮೆ, ಮೇ ಕೊನಿಗೆ ಒಮ್ಮೆ ಮುಂಗಾರಿ ಹ್ಯಾಂಗಿರ್ತದ ಅಂತ ಹೇಳ್ತಾರ. ಆ ಮಾಡೆಲ್ಲಿನ ಮೂಲನೂ ಅಮೆರಿಕದ್ದೇ, ನಮ್ಮವರು ತಗೊಂಡು ನಮ್ಮ ಮಳಿಗೆ ಹೊಂದೋ ಹಂಗ ತಿದ್ಯಾರ. ನೀವು ಬೀಜ, ಗೊಬ್ಬರ ತರೋ ಮುಂದ ಟಿವಿಯೊಳಗ ಕೇಳೋ ಆ ಒಂದು ಮಾತಿನ ಹಿಂದ ಇಷ್ಟು ದೇಶದ ಕೈ ಅದ.

ಕೊಲ್ಲಿಯೊಳಗ ಇನ್ನೊಂದು ವಿಶೇಷ ಅದ, ಅದು ನಮ್ಮ ಕಡಿಯವರಿಗೆ ಭಾಳ ಮುಖ್ಯ. ಗಂಗಾ, ಬ್ರಹ್ಮಪುತ್ರ, ಮಹಾನದಿ, ಗೋದಾವರಿ ಎಲ್ಲಾ ತಂದು ಸುರಿಯೋ ಸಿಹಿನೀರು ಹಗುರ, ಉಪ್ಪುನೀರಿನ ಮ್ಯಾಲ ತೆಳ್ಳಗ ಹರಡಿ ನಿಲ್ತದ, ಗಾಳಿ ಎಷ್ಟು ಬೀಸಿದ್ರೂ ಕೆಳಗಿನ ತಂಪು ನೀರು ಸುಲಭಕ್ಕ ಮ್ಯಾಲ ಬರಂಗಿಲ್ಲ. ಹಿಂಗಾಗಿ ಬಿಸಿಲು ಆ ತೆಳು ಪದರ ಅಷ್ಟೇ ಕಾಯಿಸ್ತದ, ಮಳಿಗಾಲದಾಗೂ ಮ್ಯಾಲಿನ ನೀರು 28 ಡಿಗ್ರಿ ಮ್ಯಾಲೇ ಇರ್ತದ, ಅದರಿಂದನೇ ಒಂದರ ಹಿಂದ ಒಂದು ವಾಯುಭಾರ ಕುಸಿತ ಹುಟ್ತಾವ. ಇದನ್ನ ಬಿಡಿಸಿ ನೋಡ್ಲಿಕ್ಕ 2016ರ ಜೂನ್, ಜುಲೈದಾಗ ನಮ್ಮ ಸಿಂಧು ಸಾಧನಾ ಹಡಗಿನ ಮ್ಯಾಲ ಬೆಂಗಳೂರಿನ ಐಐಎಸ್ಸಿಯವರು ಮತ್ತ ಬ್ರಿಟನ್ನಿನ ವಿಜ್ಞಾನಿಗಳು ಕೂಡಿ ಕೊಲ್ಲಿಯೊಳಗ ಕೆಲಸ ಮಾಡಿದ್ರು, ನೀರಿನೊಳಗ ತಾನೇ ಈಜಿ ಅಳತಿ ತರೋ ಗ್ಲೈಡರ್ ಬಿಟ್ಟಿದ್ರು. ಅರಬ್ಬಿ ಸಮುದ್ರದ ಉಪ್ಪು ಜಾಸ್ತಿ ಇರೋ ನೀರು ಶ್ರೀಲಂಕಾ ಬಾಜೂಕ ಹಾದು ಕೊಲ್ಲಿಯೊಳಗ ನುಗ್ಗೋದನ್ನ ಅಳತಿ ಸಮೇತ ಹಿಡಿದ್ರು. ಒಂದು ಸಮುದ್ರದ ನೀರು ಇನ್ನೊಂದರ ಒಳಗ ಹೊಕ್ಕು ಅಲ್ಲಿನ ಉಪ್ಪಿನ ಲೆಕ್ಕ ಬದಲಿ ಮಾಡ್ತದ. ಇದಕ್ಕ ಪಾಸ್‌ಪೋರ್ಟ್ ಕೇಳೋರ್ಯಾರು?

ಸಹಕಾರ ಇಲ್ಲದ ಕಡಿ ಏನಾಗ್ತದ ಅಂತಾನೂ ಹೇಳ್ತೀನಿ. ಸಮುದ್ರದ ತಳಕ್ಕ ಲಂಗರು ಹಾಕಿ ನಿಲ್ಲಿಸಿದ ಬಾಯ್‌ಗಳ, ಅಂದ್ರ ನಿಂತಲ್ಲೇ ತೇಲ್ತಾ ಅಳತಿ ಮಾಡೋ ಯಂತ್ರಗಳ, ಸಾಲು ಒಂದದ, ಅದರ ಹೆಸರು ರಾಮಾ, 2004ರಾಗ ಶುರು ಆಗಿದ್ದು, ಅಮೆರಿಕ, ಭಾರತ, ಜಪಾನ್, ಇಂಡೋನೇಷ್ಯಾ, ಚೀನಾ ಎಲ್ಲಾ ಕೈ ಹಚ್ಚ್ಯಾರ. ಸೊಮಾಲಿಯಾ ಕಡಿ ಕಡಲ್ಗಳ್ಳರ ಕಾಟ ಎದ್ದಾಗ ಹಡಗು ಆ ಕಡಿ ಹೋಗಲಿಲ್ಲ, ಪಶ್ಚಿಮದ ಭಾಗ ವರ್ಷಗಟ್ಟಲೆ ಖಾಲಿ ಉಳೀತು, ಅದೂ ನಮ್ಮ ಮುಂಗಾರಿ ಗಾಳಿ ಹಾದು ಬರೋ ಹಾದಿ ಹತ್ರಾನೇ. ಇನ್ನೊಂದು ತ್ರಾಸ ಅದ, ಬಾಯ್ ಕೆಳಗ ಮೀನು ಕೂಡ್ತಾವ ಅಂತ ಮೀನು ಹಿಡಿಯೋರು ದೋಣಿ ತಂದು ಅದಕ್ಕೇ ಕಟ್ತಾರ, ಹಗ್ಗ ಕೊಯ್ತಾರ, ಸೆನ್ಸರ್ ಮುರೀತಾವ. ಕೊಯ್ದ ಹಗ್ಗ ನಾ ಕಣ್ಣಾರೆ ನೋಡೀನಿ, ಹೊಟ್ಟಿ ಉರೀತದ. ಅವರಿಗೆ ತಿಳಿಸಿ ಹೇಳೋದು ಆಯಾ ದೇಶದವರ ಕೈಯಾಗಿನ ಕೆಲಸ, ನಾವು ಇಲ್ಲಿ ಕೂತು ಬೈದ್ರ ಆಗಂಗಿಲ್ಲ.

ನೀವು ಡೇಟಾ ಹೊರಗಿನವರಿಗೆ ಯಾಕ ಅಂತ ಕೇಳಿದ್ರಿ. ಈ ಅಂಜಿಕಿ ಪೂರಾ ಸುಳ್ಳಲ್ಲ. ನೀರಿನ ಉಷ್ಣಾಂಶ, ಉಪ್ಪು ಗೊತ್ತಿದ್ರ ನೀರಿನೊಳಗ ಶಬ್ದ ಹಿಡಿದು ಸಬ್‌ಮರೀನ್ ಹುಡುಕೋ ಸೋನಾರಿಗೂ ಉಪಯೋಗ ಆಗ್ತದ, ಅದಕ್ಕೇ ದಂಡಿ ಹತ್ರದ ಅಳತಿಗೆ ಒಪ್ಪಿಗಿ ಕಾಯ್ದೆ ಇರೋದು, ಆರ್ಗೊ ತೇಲ್ಕೊಂತ ಬ್ಯಾರೆ ದೇಶದ ಹಕ್ಕಿನೊಳಗ ಹೋಗೋದಿದ್ರ ಆ ದೇಶಕ್ಕ ತಿಳಿಸೋ ವ್ಯವಸ್ಥೆನೂ ಅದ. ಎಚ್ಚರ ಇರಬೇಕು ಅನ್ನೋದಕ್ಕ ನಾನೂ ಹ್ಞೂಂ ಅಂತೀನಿ. ಆದ್ರ ಎಚ್ಚರದ ಹೆಸರಿನ್ಯಾಗ ಎಲ್ಲಾ ಬಾಗಿಲು ಹಾಕಿದ್ರ ಏನಾಗ್ತದ ಅನ್ನೋದಕ್ಕ 2004ರ ಡಿಸೆಂಬರ್ 26 ನೆನಪು ಮಾಡ್ಕೊಳ್ರಿ. ಸುಮಾತ್ರಾ ಹತ್ರ ಭೂಕಂಪ ಆಗಿ ಅಲಿ ಚೆನ್ನೈ ಮುಟ್ಲಿಕ್ಕ ಎರಡು ತಾಸಿಗಿಂತ ಜಾಸ್ತಿ ಹೊತ್ತು ಹಿಡೀತು, ಎರಡು ತಾಸು! ಪೆಸಿಫಿಕ್ ಸಮುದ್ರದವರಿಗೆ 1960ರ ದಶಕದಿಂದನೇ ಕೂಡಿ ಎಚ್ಚರಿಸೋ ವ್ಯವಸ್ಥೆ ಇತ್ತು, ನಮ್ಮ ಸಮುದ್ರಕ್ಕ ಇರಲಿಲ್ಲ. ಎಲ್ಲಾ ದೇಶ ಸೇರಿ 2 ಲಕ್ಷಕ್ಕೂ ಹೆಚ್ಚು ಜನ ಸತ್ರು. ಆಮ್ಯಾಲ ಯುನೆಸ್ಕೊದ ಸಮುದ್ರ ಆಯೋಗದ ಕೆಳಗ ಎಲ್ಲಾರೂ ಕೂಡಿ ವ್ಯವಸ್ಥೆ ಕಟ್ಟಿದ್ರು, 2007ರಿಂದ ಇನ್‌ಕಾಯ್ಸ್‌ದಾಗ ನಮ್ಮ ಸುನಾಮಿ ಕೇಂದ್ರ ನಡೀತದ, ಈಗ ಭಾರತ, ಆಸ್ಟ್ರೇಲಿಯಾ, ಇಂಡೋನೇಷ್ಯಾ ಮೂರೂ ಕೂಡಿ ಇಡೀ ಹಿಂದೂ ಮಹಾಸಾಗರದ ದೇಶಗಳಿಗೆ ಎಚ್ಚರಿಕೆ ಕಳಸ್ತಾವ. ಚಂಡಮಾರುತಕ್ಕೂ ಹಂಗೇ, ದಿಲ್ಲಿಯ ನಮ್ಮ ಹವಾಮಾನ ಇಲಾಖೆ ಪಾಕಿಸ್ತಾನ, ಬಾಂಗ್ಲಾದೇಶ, ಒಮಾನ್ ಎಲ್ಲಾ ಹಿಡಿದು 13 ದೇಶಗಳ ಕೂಟಕ್ಕ ಮುನ್ಸೂಚನೆ ಕೊಡ್ತದ. ಇದು ಆಗಬೇಕಾದ ಕೆಲಸ, ಇದಕ್ಕ ನನಗ ಹೆಮ್ಮಿ ಅದ.

ನಿಮ್ಮ ಹೊಲದ ಮಾತಿಗೇ ಬರ್ತೀನಿ. 2020ರ ಅಕ್ಟೋಬರ್ ಮರೆತಿಲ್ಲ ಅಂತ ತಿಳ್ಕೊಂಡೀನಿ. ಕೊಲ್ಲಿಯೊಳಗ ಹುಟ್ಟಿದ ವಾಯುಭಾರ ಕುಸಿತ 13ನೇ ತಾರೀಖು ಮುಂಜಾನಿ ಕಾಕಿನಾಡ ಹತ್ರ ದಂಡಿ ಹತ್ತಿ, ಹೈದರಾಬಾದ್ ಮುಳುಗಿಸಿ, ಸೀದಾ ನಮ್ಮ ಮ್ಯಾಲ ಬಂತು, ಮಹಾರಾಷ್ಟ್ರದಿಂದ ಬಿಟ್ಟ ನೀರೂ ಕೂಡಿ ಭೀಮಾ ತುಂಬಿ ಹಳ್ಳಿಗಳೊಳಗ ಹೊಕ್ಕಿತು, ಕಾಳು ಕಟ್ಟಬೇಕಾದ ತೊಗರಿ ನೀರಿನ್ಯಾಗ ನಿಂತು ಕೊಳೀತು. ಆ ಕುಸಿತ ಎಲ್ಲಿ ಹುಟ್ತದ, ಯಾವ ಕಡಿ ಸರೀತದ ಅಂತ ನಾಲ್ಕೈದು ದಿನ ಮೊದಲು ಹೇಳೋ ತಾಕತ್ತು ಬಂದಿದ್ದೇ ಈ ಕೂಡು ಅಳತಿಯಿಂದ. ಆ ಎಚ್ಚರಿಕೆ ನಿಮ್ಮ ಓಣಿ ತನ ಮುಟ್ತೋ ಇಲ್ಲೋ ಅನ್ನೋದು ಬ್ಯಾರೆ ಜಗಳ, ಅದನ್ನ ತಹಸೀಲ್ ಆಫೀಸಿನ್ಯಾಗ ಮಾಡ್ರಿ, ಖಂಡಿತ ಮಾಡ್ರಿ.

ಪ್ರಶ್ನಿ: ಎಲ್ ನಿನೊ ಬಂದದ, ಈ ವರ್ಷ ಬರ ಗ್ಯಾರಂಟಿ ಅಂತ ವಾಟ್ಸಾಪ್‌ದಾಗ ಬಂದದ. ಒಬ್ಬರು ಯೂಟ್ಯೂಬ್‌ದಾಗ ನಮ್ಮ ತಾಲೂಕಿಗೆ ಮಳಿ ಬರೋ ತಾರೀಖುನೂ ಹೇಳ್ಯಾರ. ನಂಬಬೇಕಾ? (ಚಿತ್ತಾಪುರದ ಓದುಗರು)

ಉತ್ತರ: ನಂಬಬ್ಯಾಡ್ರಿ, ಎರಡನ್ನೂ ನಂಬಬ್ಯಾಡ್ರಿ. 1997ರಾಗ ಶತಮಾನದ ದೊಡ್ಡ ಎಲ್ ನಿನೊಗಳೊಳಗ ಒಂದು ಬಂದಿತ್ತು, ದೇಶದ ಮುಂಗಾರಿ ಮಳಿ ವಾಡಿಕಿಗಿಂತ ಸ್ವಲ್ಪ ಜಾಸ್ತಿನೇ ಆಯ್ತು. ಯಾಕ ಅಂತ ಹುಡುಕಿದವರು ಜಪಾನಿನ ಮತ್ತ ನಮ್ಮ ವಿಜ್ಞಾನಿಗಳು ಕೂಡಿ, ಹಿಂದೂ ಮಹಾಸಾಗರದ ಪಶ್ಚಿಮ ಬಿಸಿ ಆಗಿ ಪೂರ್ವ ತಂಪಾಗೋ ಡೈಪೋಲ್ ಅನ್ನೋದನ್ನ 1999ರಾಗ ಜಗತ್ತಿಗೆ ತೋರಿಸಿದ್ರು. 2019ರಾಗೂ ಅದು ಜೋರಿತ್ತು, ಮಳಿನೂ ಜೋರಾಯ್ತು. ಹಂಗಂತ ಡೈಪೋಲ್ ಬಂದ್ರ ಚಿಂತಿ ಇಲ್ಲ ಅಂತಾನೂ ಹೇಳಂಗಿಲ್ಲ, 2023ರಾಗ ಅದೂ ಇತ್ತು, ಎಲ್ ನಿನೊನೂ ಇತ್ತು, ಆಗಸ್ಟ್ ತಿಂಗಳು 1901ರಿಂದ ಈಚೆಗೆ ದೇಶ ಕಂಡ ಅತಿ ಒಣ ಆಗಸ್ಟ್ ಆಗಿಬಿಡ್ತು, ರಾಜ್ಯದಾಗ 223 ತಾಲೂಕು ಬರ ಅಂತ ಸಾರಿದ್ರು. ಸಮುದ್ರದ ಒಂದು ಸಂಗತಿ ಹಿಡಿದು ಗ್ಯಾರಂಟಿ ಕೊಡೋನು ವಿಜ್ಞಾನಿ ಅಲ್ಲ.

ತಾಲೂಕಿಗೆ ತಾರೀಖು ಹೇಳೋರ ಮ್ಯಾಲ ನನಗ ಸಿಟ್ಟು ಜಾಸ್ತಿ. ಈ ಮಂದಿ ಪುಕ್ಕಟ್ಟೆ ಸಿಗೋ ಅಮೆರಿಕ, ಯುರೋಪಿನ ಮಾಡೆಲ್ ನಕ್ಷಾ ಮೊಬೈಲ್‌ದಾಗ ತೋರಿಸಿ ತಾವೇ ಲೆಕ್ಕ ಹಾಕಿದ ಹಂಗ ಮಾತಾಡ್ತಾರ, ಒಂದು ತಿಂಗಳ ಮುಂದಿನ ದಿನ ಹೇಳ್ತಾರ, ತಪ್ಪಿದ್ರ ವಿಡಿಯೋ ತೆಗೆದು ಹಾಕ್ತಾರ. ಅವರ ಮಾತು ಕೇಳಿ ಒಣ ಮಣ್ಣಿನ್ಯಾಗ ಬಿತ್ತಿ ಬೀಜ ಕಳ್ಕೊಂಡವರು ನಮ್ಮ ಸುತ್ತಮುತ್ತ ಅದಾರ, ಬೀಜ ಏನು ಆ ವಿಡಿಯೋದವರು ಕೊಡ್ಸಂಗಿಲ್ಲ. ಇವತ್ತಿನ ವಿಜ್ಞಾನಕ್ಕ ಇಷ್ಟು ಆಗ್ತದ: ಹಂಗಾಮು ಒಟ್ಟು ಹ್ಯಾಂಗಿರಬಹುದು ಅಂತ ಸಾಧ್ಯತಿ ಲೆಕ್ಕ, ಎರಡು ವಾರದ ಮುಂದಿನ ಅಂದಾಜು, ನಾಲ್ಕೈದು ದಿನದ್ದು ಬೇಕಾದಷ್ಟು ಗಟ್ಟಿ. ಅದಕ್ಕಿಂತ ಜಾಸ್ತಿ ಹೇಳಿದವರ ಕಡಿಂದ ದೂರ ಇರ್ರಿ. ಮಳಿ ಮಾಹಿತಿ ಕೊಡೋ ವರುಣಮಿತ್ರ ಸಹಾಯವಾಣಿಗೆ ಫೋನ್ ಹಚ್ಚ್ರಿ, ಇಲ್ಲಾ ಕೃಷಿ ವಿಜ್ಞಾನ ಕೇಂದ್ರದವರ ಸಲಹಾ ಕೇಳ್ರಿ. ನಾನಾಗಿದ್ರ ಮೊದಲ ಮಳಿಗೇ ಬಿತ್ತಂಗಿಲ್ಲ, ನೆಲ ಒಳತನ ಹಸಿ ಆಗೋ ತನ ಕಾಯ್ತೀನಿ, ಬಾಜೂ ಹೊಲದವರು ಬಿತ್ತಿದ್ರೂ ಕಾಯ್ತೀನಿ.

ಪ್ರಶ್ನಿ: ಅಮೆರಿಕದವರು ಯಂತ್ರ ಇಟ್ಟು ನಮ್ಮ ಸಮುದ್ರದಾಗ ಚಂಡಮಾರುತ ಎಬ್ಬಸ್ತಾರಂತ, ಖರೆನಾ?

ಉತ್ತರ: ಸುಳ್ಳು, ಒಂದು ಚಂಡಮಾರುತದ ಶಕ್ತಿಗೆ ಸರಿಸಾಟಿ ಯಂತ್ರ ಮನುಷ್ಯರ ಕೈಯಾಗ ಇಲ್ಲ.

ಪ್ರಶ್ನಿ: ಕಲಬುರಗಿಗೆ ಸುನಾಮಿ ಬರ್ತದಾ?

ಉತ್ತರ: ಇಲ್ಲ. ಊರು ಸಮುದ್ರಮಟ್ಟದಿಂದ 450 ಮೀಟರ್ ಎತ್ತರ ಅದ. ಇದನ್ನ ದಯಮಾಡಿ ಮತ್ತ ಕೇಳಬ್ಯಾಡ್ರಿ.

ಪ್ರಶ್ನಿ: ಸಮುದ್ರದ ನೀರು ಸಿಹಿ ಮಾಡಿ ಪೈಪಿನ್ಯಾಗ ನಮ್ಮ ಜಿಲ್ಲೆಗೆ ತಂದ್ರ ಹ್ಯಾಂಗ?

ಉತ್ತರ: ಅದೇ 450 ಮೀಟರ್ ಮ್ಯಾಲಕ್ಕ ಎತ್ತೋ ಕರೆಂಟಿನ ಬಿಲ್ ಯಾರು ಕಟ್ತಾರ? ಮೊದಲು ಊರ ಕೆರಿ ಹೂಳು ತೆಗೀರಿ.

ಪ್ರಶ್ನಿ: ನಮ್ಮ ಸೀಮ್ಯಾಗ ಒಂದು ಕಾಲಕ್ಕ ಸಮುದ್ರ ಇತ್ತಂತ ಮೇಷ್ಟ್ರು ಹೇಳಿದ್ರು. (ಸೇಡಂ ಹುಡುಗ)

ಉತ್ತರ: ಮೇಷ್ಟ್ರು ಹೇಳಿದ್ದು ಖರೆ ತಮ್ಮಾ. ನಿಮ್ಮ ಮನಿ ನೆಲಕ್ಕ ಹಾಸಿದ ಶಹಾಬಾದ್ ಪರಸಿ, ಸಿಮೆಂಟ್ ಫ್ಯಾಕ್ಟರಿಯವರು ಅಗಿಯೋ ಸುಣ್ಣದಕಲ್ಲು, ಎಲ್ಲಾ ಕೋಟಿಗಟ್ಟಲೆ ವರ್ಷದ ಹಿಂದ ಆಳ ಇಲ್ಲದ ಸಮುದ್ರದ ತಳದಾಗ ಕೂತ ಕೆಸರು. ಪರಸಿ ಮಗ್ಗಲು ಒಡೆದು ನೋಡು, ಪದರು ಪದರು ಕಾಣ್ತದ.

ಪ್ರಶ್ನಿ: ಈ ಸಮುದ್ರ ವಿಜ್ಞಾನದ ದಶಕ ಅಂದ್ರ ಬರೀ ಸಮ್ಮೇಳನ, ಭಾಷಣ, ಗ್ರೂಪ್ ಫೋಟೋ ಅಷ್ಟೇ ಅಲ್ಲೇನ್ರಿ? (ಬೀದರಿನ ಉಪನ್ಯಾಸಕರು)

ಉತ್ತರ: ನಿಮ್ಮ ಬ್ಯಾಸರಿಕಿ ನನಗೂ ಅದ ಮೇಡಂ. ದಶಕ ನಡೆಸೋ ಯುನೆಸ್ಕೊ ಆಯೋಗದ ಕೈಯಾಗ ಹಡಗುಗಳ ಪಡೆ ಇಲ್ಲ, ಹಡಗು, ಯಂತ್ರ, ಸಂಬಳ ಎಲ್ಲಾ ಆಯಾ ದೇಶದವರೇ ಹಾಕಬೇಕು, ಅದಕ್ಕ ನಾ ಒಂದು ದೇಶ ಏನು ಮಾತಾಡ್ತು ಅಂತ ನೋಡಂಗಿಲ್ಲ, ನೀರಿಗೆ ಎಷ್ಟು ಯಂತ್ರ ಬಿಡ್ತು, ಡೇಟಾ ಎಷ್ಟು ಲಗೂ ಕೊಡ್ತು ಅಂತ ನೋಡ್ತೀನಿ. ಆದ್ರ ಕೂಡಿ ಕೂಡೋದ್ರಿಂದ ಏನೂ ಆಗಂಗಿಲ್ಲ ಅನ್ನೋದು ಇತಿಹಾಸಕ್ಕ ಹೊಂದಂಗಿಲ್ಲ. 1960ರ ದಶಕದ ಆರಂಭದಾಗ ಹಿಂದೂ ಮಹಾಸಾಗರ ಯಾರೂ ಸರಿಯಾಗಿ ಅಳತಿ ಮಾಡದ ಸಮುದ್ರ ಆಗಿತ್ತು, ಹತ್ತಾರು ದೇಶದ ಹಡಗು ಕೂಡಿ ದೊಡ್ಡ ಯಾತ್ರಾ ಮಾಡಿದ್ರು, ನಮ್ಮ ನೌಕಾಪಡೆಯ ಕಿಸ್ತ್ನಾ ಹಡಗೂ ಇತ್ತು. ಆ ಯಾತ್ರಾದ ಬೆನ್ನಿಗೇ 1966ರ ಜನವರಿ 1ಕ್ಕ ನಮ್ಮ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆ ಹುಟ್ಟಿತು, ಇವತ್ತು ಗೋವಾದಾಗ ಇರೋದು ಅದೇ. 2015ರ ಡಿಸೆಂಬರ್‌ದಾಗ ಎರಡನೇ ಯಾತ್ರಾನೂ ಗೋವಾದಿಂದನೇ ಹೊರಟಿತು. ಇಷ್ಟೆಲ್ಲಾ ಆದ್ರೂ ಜಗತ್ತಿನ ಸಮುದ್ರದ ತಳ ಬಿಡಿಸಿ ನಕ್ಷಾ ಮಾಡಿದ್ದು ಕಾಲು ಭಾಗದ ಆಸುಪಾಸು ಅಷ್ಟೇ. ಮಾಲ್ಡೀವ್ಸ್, ಕೊಮೊರೊಸ್‌ನಂಥ ಸಣ್ಣ ದೇಶಗಳು ತಮ್ಮ ಸುತ್ತಲಿನ ನೀರು ಅಳತಿ ಮಾಡಬೇಕಂದ್ರ ಮೊದಲು ಅವರ ಹುಡುಗರು ಕಲೀಬೇಕು, ಅದಕ್ಕಂತಾನೇ ಹೈದರಾಬಾದಿನ್ಯಾಗ ಅಂತಾರಾಷ್ಟ್ರೀಯ ತರಬೇತಿ ಕೇಂದ್ರ ಅದ. ನನ್ನ ಕೇಳಿದ್ರ ಭಾಷಣಕ್ಕಿಂತ ಆ ಕ್ಲಾಸ್‌ರೂಮ್‌ಗೆ ರೊಕ್ಕ ಜಾಸ್ತಿ ಹೋಗಬೇಕು.

ಪ್ರಶ್ನಿ: ಮಗಳು ಬಿಎಸ್ಸಿ ಎರಡನೇ ವರ್ಷ, ಸಮುದ್ರ ವಿಜ್ಞಾನ ಓದ್ತೀನಿ ಅಂತ ಹಠ ಹಿಡಿದಾಳ. ಶಹಾಪುರದ ಹುಡುಗಿಗೆ ಈಜು ಸುದಾ ಬರಂಗಿಲ್ಲ, ಕಳಸ್ಲೋ ಬ್ಯಾಡೋ? ಒಬ್ಬ ಏಜೆಂಟ್ ಸೀಟು ಕೊಡಸ್ತೀನಿ, ಅಡ್ವಾನ್ಸ್ ಕೊಡ್ರಿ ಅಂತಾನ.

ಉತ್ತರ: ಕಳಸ್ರಿ ಅಕ್ಕಾ, ಏಜೆಂಟಿಗೆ ಒಂದು ರೂಪಾಯಿ ಕೊಡಬ್ಯಾಡ್ರಿ. ಈ ಓದಿಗೆ ಸೀಟು ಕೊಡಸೋ ದಲ್ಲಾಳಿ ಯಾರೂ ಇಲ್ಲ, ಪರೀಕ್ಷಾ ಬರೆದೇ ಹೋಗಬೇಕು. ಈಜು ಬರದಿದ್ರೂ ನಡೀತದ, ಗಣಿತ ಬರದಿದ್ರ ನಡಿಯಂಗಿಲ್ಲ, ಫಿಸಿಕ್ಸ್, ಮ್ಯಾಥ್ಸ್ ಗಟ್ಟಿ ಮಾಡ್ಕೊಂಡು ಕಂಪ್ಯೂಟರ್ ಪ್ರೋಗ್ರಾಮಿಂಗ್ ಈಗಿಂದನೇ ಶುರು ಮಾಡ್ಲಿ, ಕೆಲಸದ ದೊಡ್ಡ ಪಾಲು ಡೇಟಾ ಮುಂದ ಕೂತು ಮಾಡೋದೇ. ಕೊಚ್ಚಿ, ವಿಶಾಖಪಟ್ಟಣದ ವಿಶ್ವವಿದ್ಯಾಲಯಗಳೊಳಗ ಎಂಎಸ್ಸಿ ಅದ, ಜೀವಶಾಸ್ತ್ರ ಇಷ್ಟ ಇದ್ರ ಕಾರವಾರ ಅದ, ಮುಂದ ಸಂಶೋಧನೆಗೆ ಐಐಎಸ್ಸಿ, ಗೋವಾ. ಹಡಗಿನ್ಯಾಗ ಮೊದಲ ದಿನಗಳು ವಾಂತಿ ಆಗ್ತಾವ, ಎಲ್ಲಾರಿಗೂ ಆಗ್ತಾವ, ಹೆಣ್ಣುಮಕ್ಕಳು ಹಡಗಿನ ಮ್ಯಾಲ ಕೆಲಸ ಮಾಡಿದ್ದು ನಾ ನೋಡೀನಿ, ಆ ಚಿಂತಿ ಬ್ಯಾಡ. ಅದಕ್ಕೂ ಮೊದಲು ಒಂದು ಮುಂಜಾನಿ ಹೈದರಾಬಾದಿನ ಬಸ್ ಹತ್ತಿಸ್ರಿ, ಇನ್‌ಕಾಯ್ಸ್‌ಗೆ ಮೊದಲೇ ಪತ್ರ ಬರೆದು ಒಪ್ಪಿಗಿ ತಗೊಂಡು ಹೋಗಿ ನೋಡಿ ಬರ್ಲಿ, ಆರ್ಗೊ ಡೇಟಾ ಹ್ಯಾಂಗ ಇಳಿಸ್ಕೋಬೇಕು ಅಂತ ಅಲ್ಲೇ ಕೇಳಿಕೊಂಡು ಬರ್ಲಿ, ಮನಿಗೆ ಬಂದು ತನ್ನ ಕಂಪ್ಯೂಟರಿನ್ಯಾಗ ಬಂಗಾಳ ಕೊಲ್ಲಿಯ ಒಂದು ತೇಲುಯಂತ್ರದ ಉಪ್ಪಿನ ಗೆರಿ ತಾನೇ ಎಳೆದು ನನಗ ಕಳಸ್ಲಿ, ನಾ ನೋಡಿ ತಿದ್ದಿ ಕೊಡ್ತೀನಿ.